ಕಸಕ್ಕೂ ತೋಪಿಗೂ ನಡುವೆ ಚಿಕ್ಕಮ್ಮ

ದೀಪ ಹಚ್ಚಿದ ಮೇಲೆ ಕಸವನ್ನು ಹೊಸ್ತಿಲು ದಾಟಿಸಬಾರದೆಂಬ ಕಟ್ಟಳೆ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಸಂಜೆ ಗುಡಿಸಿದ್ದನ್ನು ನಮ್ಮಮ್ಮ ಬಾಗಿಲ ಮೂಲೆಗೆ ಒತ್ತರಿಸಿ, ಮೇಲೆ ಪೊರಕೆ ಮಲಗಿಸಿ, ಲಕ್ಷ್ಮಿ ಆಚೆ ಹೋಗದಂತೆ ರಾತ್ರಿಯೆಲ್ಲ ಕಾಪಾಡಿ, ಬೆಳಗಾಗುತ್ತಲೇ ಬೀದಿಯ ತೊಟ್ಟಿಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದಳು. ಇರುಳೆಲ್ಲ ಲಕ್ಷ್ಮಿಯಾಗಿದ್ದದ್ದು ಕೋಳಿ ಕೂಗುವ ಹೊತ್ತಿಗೆ ಬರೀ ಕಸವಾಗುವುದು ಹೇಗೆಂದು ನಾನು ಕೇಳಿದವನಲ್ಲ. ತೊಟ್ಟಿಯಿಂದ ಅದು ಎಲ್ಲಿಗೆ ಹೋಗುತ್ತದೆಂದು ಕೇಳುವ ಚಟವಂತೂ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಎತ್ತಿನ ಗಾಡಿ ಬರುತ್ತಿತ್ತು, ತುಂಬಿಕೊಂಡು ಊರಾಚೆಗೆ ಹೋಗುತ್ತಿತ್ತು.

ಊರಾಚೆ ಎಂಬುದು ಬಹಳ ಅನುಕೂಲದ ಮಾತು ನೋಡಿ. ಅಲ್ಲಿ ಯಾರಿದ್ದಾರೆ, ಏನಿದೆ ಎಂದು ಹೇಳಬೇಕಾಗಿಲ್ಲ. ಆದರೆ ಊರು ಬೆಳೆದಂತೆ ಊರಾಚೆಯೂ ಜರುಗುತ್ತದೆ, ಜರುಗುವಾಗ ಯಾರದೋ ಅಂಗಳಕ್ಕೆ ಕಾಲಿಡುತ್ತದೆ. ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿದ್ದಾಗ ತೋಡಿದ ಕಸದ ಗುಂಡಿ, ನಾವು ಮೈಸೂರಿನವರಾಗಿ ಕೆಲವು ವರ್ಷ ಕಳೆಯುವಷ್ಟರಲ್ಲಿ ತುಂಬಿಹೋಯಿತು. ರಾಜ್ಯ ಬದಲಾದರೂ ಜನ ಬಾಳೆಎಲೆಯಲ್ಲಿ ಉಣ್ಣುವುದನ್ನೂ ಎಲೆ ಬಿಸಾಡುವುದನ್ನೂ ಬಿಡುವುದಿಲ್ಲವಲ್ಲ. ಗುಂಡಿಯನ್ನು ಹಿಗ್ಗಿಸಬೇಕೆಂದು ಕಚೇರಿಯಲ್ಲಿ ತೀರ್ಮಾನವಾಯಿತು. ಹಿಗ್ಗುವುದು ನಮ್ಮ ತೋಪಿನ ಕಡೆಗೆ ಎಂದೂ ತೀರ್ಮಾನವಾಯಿತು.

ಅದು ನಮ್ಮ ನೇಕಾರ ಕುಲದವರ ಹುಣಸೆ ತೋಪು. ಸೀರೆಗೆ ಬೇಕಾದ ಉದ್ದೆಳೆಗಳನ್ನೆಲ್ಲ ಸೇರಿಸಿದರೆ ಅದಕ್ಕೆ ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮುನ್ನ ಆ ಹಾಸನ್ನು ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ತೆಳುವಾಗಿ ಗಂಜಿ ಸವರಿ, ನೆರಳಿನಲ್ಲಿ ಆರಿಸಬೇಕು. ಬೆಳಕು ಹರಿಯುವ ಮೊದಲೇ ಬೀದಿಯ ಗಂಡಸರು ಹೆಂಗಸರೆಲ್ಲ ತೋಪಿಗೆ ಹೋಗಿ, ಬಿಸಿಲೇರುವಷ್ಟರಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಹಸಿ ಗಂಜಿಯ ಮೇಲೆ ಬೂದಿಯ ಕಣವೊಂದು ಕೂತರೂ, ನೊಣವೊಂದು ಅಂಟಿದರೂ ಎಳೆ ಕೆಟ್ಟಿತು, ಸೀರೆ ಕೆಟ್ಟಿತು. ಗುಂಡಿ ತೋಪಿನ ಬೇಲಿಯವರೆಗೂ ಬಂದರೆ ಇಡೀ ಬೀದಿಯ ಮಗ್ಗಗಳು ಏನಾದಾವು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಳತೆಗೆ ಬಂದ ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ. ಬೀದಿಯಲ್ಲಿ ಮೇಷ್ಟರಾದವನು ನಾನೊಬ್ಬನೇ ಆದ್ದರಿಂದ ಅವರೊಡನೆ ಮಾತಾಡಲು ನನ್ನನ್ನೇ ಮುಂದೆ ನೂಕಿದ್ದರು. "ವಾಸದ ಮನೆ ಇದ್ದರೆ ನಡುವೆ ಜಾಗ ಬಿಡಬೇಕು, ಅದು ರೂಲು," ಎಂದರು ಅವರು. "ಇಲ್ಲಿ ಮನೆ ಎಲ್ಲಿದೆ ಮೇಷ್ಟ್ರೇ? ಬರೀ ಮರ. ನೂಲಿಗೆಲ್ಲ ಜಾಗ ಬಿಡಿ ಅಂತ ರೂಲಿನಲ್ಲಿಲ್ಲ."

ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಗಂಜಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತ ನಮ್ಮ ಚಿಕ್ಕಮ್ಮ ಮುಂದೆ ಬಂದಳು. ನಮ್ಮ ತಂದೆಯ ತಮ್ಮನ ಹೆಂಡತಿ, ಯಳಂದೂರಿನ ಹೆಣ್ಣು, ಮಕ್ಕಳಿಲ್ಲದ ವಿಧವೆ. ನಾವು ಮದರಾಸು ಬಿಟ್ಟು ಮೈಸೂರಿಗೆ ಸೇರಿದಾಗ, "ನಾನು ಉಟ್ದಾಗ್ಲಿಂದ್ಲೂ ಮೈಸೂರ್ನೋಳೇ ಕಣ್ಲಾ, ನೀವ್ ಈಗ್ ಬಂದ್ರಿ" ಎಂದು ನಮ್ಮನ್ನೆಲ್ಲ ಆಡಿಕೊಂಡಿದ್ದವಳು.

"ನೂಲಿಗೆ ಉಸ್ರಿಲ್ಲ ಅಂತ ತಾನೇ ನಿಮ್ ಮಾತು? ನಂಗದೆ. ನಾನೇ ಇಲ್ಲಿ ವಾಸ ಮಾಡ್ತೀನಿ. ಆಗ ಜಾಗ ಬುಡ್ತೀರಾ ಸಾ?"

ಇನ್‌ಸ್ಪೆಕ್ಟರು ನಕ್ಕರು. "ಒಲೆ ಉರೀತಿದ್ದರೆ ಅದು ಮನೆ ಕಣಮ್ಮ," ಎಂದರು.

ಬೀದಿಯವರೆಲ್ಲ ಸೇರಿ ಬೇಲಿಯ ಬದಿಗೆ ಗುಡಿಸಲೊಂದನ್ನು ಎಬ್ಬಿಸಿದೆವು. ಚಿಕ್ಕಮ್ಮ ಎರಡು ಮಡಕೆ, ಒಂದು ಚಾಪೆ ತಕ್ಕೊಂಡು ಹೊರಟೇಹೋದಳು. ಇನ್‌ಸ್ಪೆಕ್ಟರು ಬಂದು ಒಲೆ ನೋಡಿ, ಆಡಿದ ಮಾತಿಗೆ ತಪ್ಪದೆ ಗುಂಡಿಯ ಗಡಿಕಲ್ಲುಗಳನ್ನು ದೂರಕ್ಕೆ ನೆಡಿಸಿದರು. ಬೀಸುವ ದೊಣ್ಣೆ ತಪ್ಪಿತು, ಇನ್ನು ಸಾವಿರ ವರ್ಷ ಆಯಸ್ಸು ಎಂದು ನಾವು ಅಂದು ಪಾಯಸ ಮಾಡಿ ಉಂಡೆವು.

ನೆನೆದರೆ ಈಗಲೂ ಆಯಾಸವಾಗುತ್ತದೆ. ಕಸದಿಂದ ಮನೆಯನ್ನು ಕಾಯಲು ಮಾಡಿದ ರೂಲು ಅದು; ನಾವು ಅದನ್ನು ಹಿಡಿದು, ನೂಲನ್ನು ಕಾಯಲು ಕಸದ ಎದುರಿಗೊಂದು ಮನೆಯನ್ನು ತಂದು ನಿಲ್ಲಿಸಿದೆವು. ಗಾಳಿ ತಿರುಗಿದ ದಿನ ಅವಳು ಒಂದು ಕೈಯಲ್ಲಿ ನೊಣ ಓಡಿಸುತ್ತ ಇನ್ನೊಂದು ಕೈಯಲ್ಲಿ ಮುದ್ದೆ ಮುರಿಯುತ್ತಿದ್ದಳು. ಹೊಗೆ ಹಾಸಿನ ಎಳೆಗಳಿಗೆ ತಾಗೀತೆಂದು, ನಾವೆಲ್ಲ ಸುತ್ತಿಕೊಂಡು ಮನೆ ಸೇರಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಹಾಗಾಗಿ ಆ ಒಲೆ ಉರಿಯುವುದನ್ನು ನಮ್ಮಲ್ಲಿ ಕಂಡವರೇ ಕಡಮೆ. ಅವಳ ಮಾತು ಬಂದಾಗಲೆಲ್ಲ ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಹೊಗಳಿಕೆಯಂಥ ಅಗ್ಗದ ಸಂಬಳ ಇನ್ನೊಂದಿಲ್ಲ. ಕಸಕ್ಕೂ ನಮಗೂ ನಡುವೆ ಬಿಟ್ಟ ಖಾಲಿ ಜಾಗ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಖಾಲಿಯಾಗಿರುವುದು ಅಪರೂಪ. ಅಲ್ಲಿ ಯಾರೋ ಕೂತು ನಮ್ಮ ಪಾಲಿನ ನಾತವನ್ನೂ ಸೇರಿಸಿ ಉಸಿರಾಡುತ್ತಿರುತ್ತಾರೆ.

ಹೀಗೆ ಕೆಲವು ಮಳೆಗಾಲ ಕಳೆದವು. ಒಂದು ಸಲ ಅವಳಿಗೆ ಜ್ವರ ಏರಿ, ಗಾಡಿ ಕಟ್ಟಿಕೊಂಡು ಹೋಗಿ ನಮ್ಮ ಮನೆಗೆ ಕರೆತಂದೆವು. ಬಹಳ ದಿನ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆಗ ಬೀದಿಯವರು ತೋಪಿಗೆ ಹೋಗದೆ ಇದ್ದರೆಂದಲ್ಲ. ದಿನವೂ ಹೋದರು, ಹಾಸು ಎಳೆದರು, ಗಂಜಿ ಸವರಿದರು, ಬಿಸಿಲೇರಿದೊಡನೆ ಸುತ್ತಿಕೊಂಡು ಬಂದರು. ಗುಡಿಸಲಿನಲ್ಲಿ ಇನ್ನು ಯಾರಾದರೂ ಇರಬೇಕಲ್ಲ ಎಂಬ ಮಾತೂ ಬಂತು. ಒಬ್ಬನಿಗೆ ಮಗ್ಗದ ಮೇಲೆ ಮದುವೆ ಸೀರೆ ಇತ್ತು, ಒಬ್ಬಾಕೆಗೆ ಮನೆಯಲ್ಲಿ ಹಸುಗೂಸು, ನನಗೆ ಸ್ಕೂಲು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ. ಹಿಂದಿನ ಮನೆಯವರು ಹೋಗುತ್ತಾರೆಂದು ಮುಂದಿನ ಮನೆಯವರೂ, ಮುಂದಿನವರು ಹೋಗುತ್ತಾರೆಂದು ಹಿಂದಿನವರೂ ನೆಮ್ಮದಿಯಾಗಿದ್ದರು.

ಇನ್‌ಸ್ಪೆಕ್ಟರು ಮಧ್ಯಾಹ್ನದ ಹೊತ್ತು ಎರಡು ಮೂರು ಸಲ ಬಂದು ನೋಡಿದರಂತೆ. ಆಮೇಲೆ ದಾರಿಯಲ್ಲಿ ಸಿಕ್ಕಾಗ ನನ್ನ ಮುಖ ನೋಡದೆ ಹೇಳಿದರು: "ನಾನೇನು ಮಾಡಲಿ ಮೇಷ್ಟ್ರೇ, ಗುಂಡಿಗೆ ಜಾಗ ಇಲ್ಲ ಅಂತ ಮೇಲಿನವರ ಕಾಟ. ಒಲೆಯಲ್ಲಿ ಬೂದಿ ಕೂಡ ತಣ್ಣಗಿತ್ತು." ಗಡಿಕಲ್ಲುಗಳು ಬೇಲಿಯ ಬುಡಕ್ಕೆ ಬಂದಿದ್ದವು. ಗಾಡಿಗಳು ಅಲ್ಲೇ ಸುರಿಯತೊಡಗಿದ್ದವು, ಹಾಸು ಎಳೆಯುವುದು ನಿಂತಿತ್ತು.

ಜ್ವರ ಬಿಟ್ಟು ಮೊದಲ ಬಾರಿಗೆ ಎದ್ದು ಕೂತ ದಿನ ಚಿಕ್ಕಮ್ಮ ಕೇಳಿದ್ದು ತನ್ನ ಮಡಕೆಗಳನ್ನು. "ತೋಪ್‌ಗೆ ಓಯ್ತೀನಿ ಕಣಪ್ಪ, ಗಾಡಿ ಕಟ್ಸು." ನೋಡಲು ಬಂದವರಿಂದ ಪಡಸಾಲೆ ತುಂಬಿತ್ತು. ಇನ್ನು ಹೋಗಬೇಕಾಗಿಲ್ಲ ಎಂದು ನಾನೇ ಹೇಳಿದೆ, ನಡೆದದ್ದನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ದಿನಾ ಬೆಳಿಗ್ಗೆ ಅಷ್ಟೂ ಜನ ಓಯ್ತಿದ್ರಲ್ಲಾ. ಒಂದ್ ಒಲೆ ಅಚ್ಚೋಕೆ ಒಬ್ರೂ ಇರ್ನಿಲ್ವಾ?"

ಅವಳು ಗೋಡೆಗೆ ಒರಗಿ, ಕುಡಿಯಲು ನೀರು ಕೇಳಿದಳು. ತರಲು ನಾವು ನಾಲ್ಕೈದು ಜನ ಒಟ್ಟಿಗೆ ಎದ್ದೆವು.