ಪದ್ಮಕ್ಕನನ್ನು ಕೇಳಿ

ಪದ್ಮಕ್ಕನ ತುರುಬಿನಲ್ಲಿ ಕನಕಾಂಬರದ ಜೊತೆ ಒಂದು ಕೆಂಪು ಪೆನ್ಸಿಲ್ಲೂ ಇರುತ್ತಿತ್ತು. ಹೊಸಪೇಟೆಯಲ್ಲಿ ಸ್ಟಾಫ್ ಬಸ್ ಹತ್ತುವಾಗ ಹೂವು ಮರೆತಾರು, ಪೆನ್ಸಿಲ್ ಮರೆತವರಲ್ಲ. ಎಂಬತ್ತರ ದಶಕದ ಕೊನೆಯ ಮಾತು. ಸಂಡೂರಿನ ಗುಡ್ಡದ ಮೇಲಿದ್ದ ಗಣಿ ಕಂಪನಿಯೊಂದರ ಕಂಪ್ಯೂಟರ್ ವಿಭಾಗಕ್ಕೆ ಅವರು ಹಿರಿಯರು, ನಾನು ಅವರ ಕೈಕೆಳಗಿನವಳು. ಲೆಕ್ಕವೆಲ್ಲ ಆಗ ಟೇಪಿನ ಸುರುಳಿಗಳಲ್ಲಿ ಇರುತ್ತಿತ್ತು. ಸಂಬಳದ ಪ್ರೋಗ್ರಾಂ ಬರೆಯುವುದು ನಮ್ಮ ಅರ್ಧ ಕೆಲಸ. ಅದನ್ನು ನಡೆಸುವುದು ಹೇಗೆಂದು ಕೈಪಿಡಿ ಬರೆಯುವುದು ಇನ್ನರ್ಧ. ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಬೈಸಿಕೊಳ್ಳುತ್ತಿದ್ದುದು ಅಚ್ಚ ಕನ್ನಡದಲ್ಲಿ.

"ಟೇಪು ಹಾಕಲಾಗುವುದು ಅಂತ ಬರದೀಯಲ್ಲ ಸರೋಜಾ, ಯಾರು ಹಾಕ್ತಾರವಾ? ಹಂಪಿ ವಿರೂಪಾಕ್ಷ ಬರ್ತಾನೇನು?"

ಅವರ ನಿಯಮ: ಒಂದು ವಾಕ್ಯಕ್ಕೆ ಒಂದೇ ಕೆಲಸ. 'ಸುಲಭ' ಎಂಬ ಪದ ಕೂಡದು: "ನಿನಗ ಸುಲಭ. ನಾಳೆ ಬರೋ ಹೊಸಬಗ?" ಧೈರ್ಯ ತುಂಬುವ ಮಾತೂ ಕೂಡದು: "ಕೈಪಿಡಿ ಇರೂದು ಸಮಾಧಾನ ಹೇಳಾಕಲ್ಲ, ಕೆಲಸ ಹೇಳಾಕ." ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಪುಟದ ತುಂಬ ಕೆಂಪು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ನೀವ ಬರಕೊಳ್ರಿ ಅಕ್ಕಾ" ಎಂದು ಎದ್ದು ಕ್ಯಾಂಟೀನಿಗೆ ಹೋದರೆ ಹಿಂದೆಯೇ ಬಂದು, ಮಂಡಕ್ಕಿ ಒಗ್ಗರಣೆ-ಮಿರ್ಚಿ ತರಿಸಿ ನನ್ನ ಮುಂದೆ ಸರಿಸುತ್ತಿದ್ದರು. "ತಿನ್ನು. ತಿಂದು ಬರಿ. ಹಸದಾಕಿ ಬರದದ್ದು ಯಾರಿಗೂ ತಿಳಿಯಂಗಿಲ್ಲ."

ಅವರಿಗೆ ಎಲ್ಲಕ್ಕಿಂತ ಆಗದ ಸಾಲು ಇನ್ನೊಂದಿತ್ತು. ನಮ್ಮ ಹಳೆಯ ಕೈಪಿಡಿಯಲ್ಲಿ ಕಷ್ಟದ ಜಾಗ ಬಂದಾಗಲೆಲ್ಲ, ಬರೆದವರು ಬೇಜಾರಾಗಿ 'ಪದ್ಮಾವತಿಯವರನ್ನು ಕೇಳಿ' ಎಂದು ಬರೆದು ಮುಂದೆ ಹೋಗಿದ್ದರು. ಒಮ್ಮೆ ಪದ್ಮಕ್ಕ ತಮ್ಮನ ಮದುವೆಗೆ ಕಂಪ್ಲಿಗೆ ಹೋಗಿದ್ದಾಗ ಕಂಪ್ಯೂಟರಿನಲ್ಲಿ ಸಂಬಳದ ಲೆಕ್ಕ ನಡುವೆ ನಿಂತಿತು. ಕೈಪಿಡಿ ತೆಗೆದರೆ ಅದೇ ಸಾಲು! ಕೇಳಲೆಂದು ಕಂಪನಿಯ ಜೀಪೇ ಮದುವೆ ಚಪ್ಪರಕ್ಕೆ ಹೋಯಿತು. ಕೈಯಲ್ಲಿ ಅಕ್ಷತೆ ಹಿಡಿದವರು ಹಾಗೇ ಜೀಪು ಹತ್ತಿ ಬಂದರು. ತಾಳಿ ಕಟ್ಟುವುದನ್ನು ನೋಡಲಿಲ್ಲ.

"ಮಗಳಿಗೆ ಜೀಪ್ ಬಂತು ಅಂತ ನಮ್ಮವ್ವಗ ಭಾಳ ಹೆಮ್ಮಿ. ನನಗ ನಾಚಿಕಿ ಆತು," ಎಂದರು. "ನಾ ಇಲ್ಲಾಂದ್ರ ನಿಲ್ಲೂದು, ಅದೂ ಒಂದು ಕೆಲಸೇನವಾ?"

ಅಂದಿನಿಂದ ಆ ಸಾಲು ಇದ್ದಲ್ಲೆಲ್ಲ ಉತ್ತರ ಬರೆಸತೊಡಗಿದರು. ಕೈಪಿಡಿ ಮುಗಿಯುವ ಮುನ್ನವೇ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಬಸ್ಸಿನಲ್ಲಿ ಅವರ ಕಿಟಕಿಯ ಸೀಟು ಖಾಲಿಯಾಯಿತು. ಯಾರಾದರೂ ಅಲ್ಲಿ ಕೂತರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಒಂದು ಭಾನುವಾರ, ಕಾಲುವೆ ಪಕ್ಕದ ಅವರ ಮನೆಗೆ ಕೊನೆಯ ಅಧ್ಯಾಯ ಒಯ್ದೆ. ಮಲಗಿದಲ್ಲಿಂದಲೇ, "ಜೋರಾಗಿ ಓದು" ಎಂದರು. ಓದಿದೆ. ಲೆಕ್ಕ ನಡುವೆ ನಿಂತರೆ ಏನು ಮಾಡಬೇಕೆಂಬಲ್ಲಿ ನಾನು ಬೇಕೆಂತಲೇ ಬರೆದಿದ್ದೆ: 'ಪದ್ಮಾವತಿಯವರನ್ನು ಕೇಳಿ.'

"ಅದನ್ನ ತಗೀ."

"ತಗಿಯಂಗಿಲ್ರಿ ಅಕ್ಕಾ. ಅದೊಂದು ಇರ್ಲಿ."

"ಕೇಳಾಕ ನಾ ಎಲ್ಲಿರ್ತೀನಿ?"

ನಾನು ಅಳತೊಡಗಿದೆ. ಆ ಸಾಲು ತೆಗೆದರೆ ಅವರು ಹೋಗುವುದಕ್ಕೆ ನಾನೇ ಒಪ್ಪಿಕೊಂಡಂತೆ ಎನಿಸುತ್ತಿತ್ತು. ಅವರು ನನ್ನ ಕೈ ಹಿಡಿದುಕೊಂಡರು.

"ಪದ್ಮಾವತೀನ ಕೇಳು ಅಂತ ಬರದೀಯಲ್ಲ? ಈಗ ಅದಾಳ. ಈಗ ಕೇಳು."

ಕೇಳಿದೆ. "ಲೆಕ್ಕ ನಡುವೆ ನಿಂತ್ರ ಏನು ಮಾಡ್ಬೇಕ್ರಿ ಅಕ್ಕಾ?" ಅವರು ತಡೆದು ತಡೆದು ಹೇಳಿದರು, ನಾನು ಮೂಗೊರೆಸಿಕೊಳ್ಳುತ್ತ ಬರೆದೆ. ಮೊದಲ ಮಾತೇ "ಹೆದರಬ್ಯಾಡ್ರಿ" ಎಂದಿತ್ತು.

"ಸಮಾಧಾನ ಹೇಳಬಾರದು ಅಂತಿದ್ರಲ್ಲ ಅಕ್ಕಾ?"

"ಇದೊಂದು ಕಡೆ ಇರ್ಲಿ ಬಿಡು."

ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟರು.

ಆಮೇಲೊಂದು ಸಂಬಳದ ದಿನ ಲೆಕ್ಕ ಅಲ್ಲಿಯೇ ನಿಂತಿತು. ಹೊರಗೆ ಗಣಿ ಕೆಲಸಗಾರರು ಸಂಬಳಕ್ಕಾಗಿ ಕಾಯುತ್ತಿದ್ದರು. ರೂಢಿಯಂತೆ ಫೋನೆತ್ತಿ ಅವರ ಮನೆಯ ನಂಬರ್ ಅರ್ಧ ತಿರುಗಿಸಿಬಿಟ್ಟಿದ್ದೆ. ಫೋನಿಟ್ಟು ಕೈಪಿಡಿ ತೆಗೆದೆ. 'ಹೆದರಬೇಡಿ. ಯಾವುದೂ ಅಳಿಸಿಹೋಗಿಲ್ಲ. ಹಿಂದಿನ ಟೇಪು ಹಾಕಿ. ಮೊದಲಿನಿಂದ ಶುರುಮಾಡಿ.' ಹಾಗೇ ಮಾಡಿದೆ. ಸಂಜೆಯೊಳಗೆ ಎಲ್ಲರಿಗೂ ಸಂಬಳವಾಯಿತು.

ವರ್ಷಗಳ ನಂತರ ಬಂದ ಹೊಸ ಅಧಿಕಾರಿ ಆ ಪುಟ ನೋಡಿ ಪೆನ್ ತೆಗೆದು, "ಇದೇನ್ರಿ, ಕೈಪಿಡಿಯೊಳಗ 'ಹೆದರಬೇಡಿ' ಅಂತ? ತಗದುಬಿಡ್ರಿ" ಎಂದ.

"ನಿಮ್ಮ ಕೈಯಾಗಿನ ಪೆನ್ ಮೊದ್ಲು ಕೆಳಗಿಡ್ರಿ," ಎಂದೆ.