ಕಿಟಕಿಗೆ ಅಂಟಿಸಿದ ಹಳದಿ ಕಾಗದ

ಗೆಳೆಯರೇ, ಇವತ್ತು ನನಗೆ ತಲೆ ಚಿಟ್ಟು ಹಿಡಿದುಹೋಗಿದೆ.

ನಾಲ್ಕು ವರ್ಷದ ಮಗಳು ಕಯಲ್, ಅಂಗನವಾಡಿಯಲ್ಲಿ ಬೆಳಕಿನ ಆಟಕ್ಕೆಂದು ಕೊಟ್ಟ ಹಳದಿ ಗಾಜುಕಾಗದವನ್ನು ತಂದು ಮಗ್ಗದ ಪಕ್ಕದ ಕಿಟಕಿಗೇ ಅಂಟಿಸಿದ್ದಾಳೆ. ತಮಿಳುನಾಡಿನ ನಮ್ಮ ಎಡಪ್ಪಾಡಿಯ ನೇಕಾರರು ನೂಲಿನ ಬಣ್ಣವನ್ನು ಬಲ್ಬಿನಡಿ ನೋಡುವವರಲ್ಲ, ಕಿಟಕಿಯ ಬಿಸಿಲಿಗೇ ಹಿಡಿಯಬೇಕು. ಮಾವ ಹಿಡಿದರು. ಗಂಧದ ಬಣ್ಣವೆಂದು ಬಿಳಿ ನೂಲು ಹಾಕಿ ಗೇಣುದ್ದ ಸೆರಗು ನೇಯ್ದೇಬಿಟ್ಟರು. ಬೆಕ್ಕನ್ನೂ ಹಳದಿ ಮಾಡಬೇಕೆಂದು ಕಯಲ್ ಕಾಗದ ಕಿತ್ತಾಗಲೇ ಗೊತ್ತಾಗಿದ್ದು.

“ಅವ್ಳು ಕಾಗ್ದ ಅಂಟ್ಸೋವಾಗ ನೀನೇನ್ ಮಾಡ್ತಿದ್ದೆ?” ಎಂದು ಮಾವ ನನ್ನ ಮೇಲೆ ರೇಗಿದರು.

“ಮೂವತ್ತು ವರ್ಸ ಬಣ್ಣ ನೋಡಿರೋ ಕಣ್ಣು ಅಂತೀರ. ಕಿಟ್ಕೀಲಿರೋ ಕಾಗ್ದ ಕಾಣ್ಲಿಲ್ವಾ ಮಾವ?”

“ಇವತ್ತು ಬಿಸ್ಲು ನಲ್ಲಾ ಹೊಡೀತಾ ಐತೆ, ಅದ್ಕೇ ಇಷ್ಟು ಹಳ್ದಿ ಅಂದ್ಕೊಂಡೆ!”

“ತಾತಾ, ಇಂಗ ಪಾರು, ಪೂನೈ ಮಂಜಳ್!” ಎಂದಳು ಕಯಲ್. ಇಲ್ಲಿ ನೋಡಬೇಕಂತೆ, ಬೆಕ್ಕು ಹಳದಿಯಾಯಿತಂತೆ. ಮಾವನ ಸಿಟ್ಟು ಅಲ್ಲಿಗೇ ಇಳಿಯಿತು.

ಈಗ ತಾತ, ಮೊಮ್ಮಗಳು ಸರದಿಯಲ್ಲಿ ಆ ಕಾಗದವನ್ನು ಕಣ್ಣಿಗೆ ಹಿಡಿದು ಜಗಲಿಯಲ್ಲಿ ಕೂತಿದ್ದಾರೆ. ಗೇಣುದ್ದದ ನೇಯ್ಗೆಯನ್ನು ಎಳೆ ಎಳೆಯಾಗಿ ಬಿಚ್ಚುತ್ತಿರುವ ನಾನೂ ಅವರಿಗೆ ಹಳದಿಯಾಗಿಯೇ ಕಾಣುತ್ತಿರಬೇಕು. ಕಾಗದ ತೆಗೆದು ನೋಡಿದರೆ ತಿಳಿಯುತ್ತಿತ್ತು, ನನ್ನ ಮುಖ ಎಷ್ಟು ಕೆಂಪಗಿದೆ ಎಂದು.