ದೇವರ ಹೋರಿಗೆ ಆರಡಿ ನೆಲ

ದಿಲ್ಲಿಯಲ್ಲಿ ಮಾಹಿತಿ ಹಕ್ಕಿನ ಕಾಯ್ದೆ ತಿದ್ದುವ ಚರ್ಚೆ ನಡೆದ ದಿನ ನಾನೂ ಸೋದರಮಾವನೂ ಕಂಬಂನ ಚಹಾ ಅಂಗಡಿಯ ಟಿ.ವಿ. ಮುಂದೆ ಕೂತಿದ್ದೆವು. ಒಬ್ಬರ ಖಾಸಗಿ ವಿವರವೆಂದರೆ ಸಾಕು, ಸರ್ಕಾರ ಅದನ್ನು ಕೊಡಬೇಕಿಲ್ಲ ಎನ್ನುವುದು ತಿದ್ದುಪಡಿ. ಗದ್ದಲದ ನಡುವೆ ಧ್ವನಿಮತ ಮುಗಿದೇಹೋಯಿತು.

“ಏನಂತ ಕೂಗ್ತಾರಪ್ಪ?”

“ಇನ್ನೊಬ್ರ ಸಂಗ್ತಿ ಇನ್ಮೇಲೆ ಕೇಳಂಗಿಲ್ವಂತೆ, ಮಾಮಾ.”

“ನಿಮ್ಮತ್ತೇಗೆ ಹೇಳ್ಬೇಡ. ಉಂಡದ್ದು ಅರಗಕ್ಕಿಲ್ಲ ಅವ್ಳಿಗೆ.”

ನಕ್ಕು ಎದ್ದೆವು.

ತಮಿಳರ ನಡುವೆ ಕನ್ನಡ ಆಡಿಕೊಂಡೇ ಉಳಿದ ನಮ್ಮ ಜನ ದೇವರ ಹೆಸರಲ್ಲಿ ದನದ ಮಂದೆಯೊಂದನ್ನು ಸಾಕುತ್ತಾರೆ. ಮಾವನೇ ಅದರ ಉಸ್ತುವಾರಿ. ಆ ಹಸುಗಳ ಹಾಲು ಕರುವಿಗೆ ಮಾತ್ರ. ಸತ್ತರೆ ಅರಿಶಿನ ಹಚ್ಚಿ, ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡುತ್ತೇವೆ. ಕೊಂಬೈ ದಾರಿಯ ಸರ್ಕಾರಿ ಬೀಳಿನಲ್ಲಿ ಅಜ್ಜಂದಿರ ಕಾಲದಿಂದಲೂ ಅದು ನಡೆದಿತ್ತು. ಮೊನ್ನೆ ಮೊನ್ನೆ ಅದರ ಸುತ್ತ ತಂತಿ ಬೇಲಿ ಎದ್ದಿತು. ಯಾರಿಗೋ ಗುತ್ತಿಗೆಯಂತೆ; ಯಾರಿಗೆಂದು ಕಾವಲುಗಾರನಿಗೂ ತಿಳಿಯದು.

ಮುದಿ ಹೋರಿಯೊಂದು ಮೇವು ಬಿಟ್ಟು ಮಲಗಿತ್ತು. ಮಾವನಿಗೆ ಜಗಳ ಬೇಕಿರಲಿಲ್ಲ. ಗುತ್ತಿಗೆದಾರನ ಮನೆಗೆ ವೀಳ್ಯ ಹಿಡಿದು ಹೋಗಿ, ಒಂದು ಗುಂಡಿಯಷ್ಟು ನೆಲ ಕೇಳಬೇಕು, ಅಷ್ಟೇ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂತೆ. ಹೆಸರು, ಊರು ಸಾಕೆಂದರೆ ಮಾವ ಒಪ್ಪಲಿಲ್ಲ.

“ಯಾವ ಕುಲ, ಯಾರ ಮನೆ ಮಗ ಅಂತ ತಿಳೀದೆ ಹೊಸ್ಲು ಎಂಗ್ ತುಳಿಯೋದು? ಅದೂ ಬರಿ.”

“ಹೆಣ್ಣು ಕೇಳಕ್ ಹೋಯ್ತೀರೋ, ಗುಂಡಿ ಕೇಳಕ್ಕೋ?” ಎಂದರು ಒಳಗಿಂದ ಅತ್ತೆ.

“ಎರಡ್ಕೂ ಮನೆ ನೋಡ್ಬೇಕು ಕಣೆ.”

ಬರೆದೆ. ಅಷ್ಟರಲ್ಲಿ ಆ ತಿದ್ದುಪಡಿ ಜಾರಿಗೆ ಬಂದಿತ್ತು; ಖಾಸಗಿ ಮಾಹಿತಿ, ಕೊಡಲಾಗದು ಎಂದು ಉತ್ತರ ಬಂತು. ಕುಲ ಕೇಳಿ ಕೆಡಿಸಿದೆವೆಂದುಕೊಂಡು, ಬರೀ ಹೆಸರು ಕೇಳಿ ಮತ್ತೊಂದು ಹಾಕಿದೆವು. ಅದೂ ಖಾಸಗಿಯೇ. ತೇನಿಯ ವಕೀಲರೊಬ್ಬರನ್ನು ಕಂಡರೆ, “ಮೇಲ್ಮನವಿ ಹಾಕಬಹುದು. ಹೋರಿ ಕಾಯುತ್ತದೆಯೇ?” ಎಂದರು.

ಕಾಯಲಿಲ್ಲ. ಕಾವಲುಗಾರ ಪಾಪದವನು, ಬೇಲಿಯಾಚೆಯಿಂದ ಕೈ ಮುಗಿದನೇ ಹೊರತು ಗೇಟು ತೆರೆಯಲಿಲ್ಲ. ಹೋರಿಯನ್ನು ಟ್ರ್ಯಾಕ್ಟರಿನಲ್ಲಿ ಹಾಗೆಯೇ ತಿರುಗಿಸಿ ತಂದು, ಮಾವ ತಮ್ಮ ದ್ರಾಕ್ಷಿ ತೋಟದ ಮೂಲೆಯಲ್ಲಿ ಗುಂಡಿ ತೋಡಿಸಿದರು. ಕಾಯಿ ಕಚ್ಚಿದ್ದ ಬಳ್ಳಿಗಳನ್ನು ಕೀಳಬೇಕಾಯಿತು. ಮಣ್ಣು ಮಾಡಿದ ನೆಲವನ್ನು ನಾವು ಮತ್ತೆ ಉಳುವುದಿಲ್ಲ.

ಅತ್ತೆ ಅರಿಶಿನದ ಕೈ ತೊಳೆಯುತ್ತಾ, ಕೊಟ್ಟಿಗೆಯತ್ತ ನೋಡಿ ಕೇಳಿದರು: “ಮಿಕ್ಕವಕ್ಕೆಲ್ಲಾ?”

“ಬಳ್ಳಿ ಇರೋವರ್ಗೂ ಕೀಳೋದು,” ಎಂದರು ಮಾವ.